ಜಾತಿ, ಧರ್ಮ ದಾಟಿ ಮದುವೆಯಾಗೋರಿಗೆ: ಮೈಸೂರು-ಮಂಡ್ಯ ಕಡೆಯವರಿಗೊಂದು ಕೈಪಿಡಿ

ಬೇರೆ ಜಾತಿಯ, ಬೇರೆ ಧರ್ಮದ ಅಥವಾ ಬೇರೆ ದೇಶದ ಒಬ್ಬರನ್ನು ಮದುವೆಯಾಗಬೇಕು ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದ್ದೀರಿ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ಬ್ಯಾಗ್ ತುಂಬೋದು, ಬಸ್ ಹತ್ತೋದು ಎಲ್ಲ ಆಮೇಲಿನ ಮಾತು. ನಮ್ಮ ಕಡೆ ಇಂಥ ಮದುವೆಗಳು ಕೆಡೋದು ಹೆಚ್ಚಾಗಿ ಗಾಬರಿಯಿಂದ. ಒಂದು ರಾತ್ರಿ ಮನೆ ಬಿಟ್ಟು, ಬೆಳಗ್ಗೆ ಯಾವುದೋ ದೇವಸ್ಥಾನದಲ್ಲಿ ತಾಳಿ ಕಟ್ಟಿ, ಮಧ್ಯಾಹ್ನ ಪೊಲೀಸ್ ಸ್ಟೇಷನ್‌ನಲ್ಲಿ ಕೂತು, ಸಂಜೆಗೆ ಹುಡುಗಿಯನ್ನು ಅವಳ ಸೋದರಮಾವ ಕರೆದುಕೊಂಡು ಹೋಗೋದು, ಇದನ್ನು ಎಷ್ಟು ಸಲ ಕೇಳಿಲ್ಲ ನೀವು? ಕಾನೂನು ನಿಮ್ಮ ಪರ ಇದೆ. ಆದರೆ ಅದು ನಿಧಾನವಾಗಿ ನಡೆಯುತ್ತದೆ. ಆ ನಿಧಾನಕ್ಕೆ ಮೊದಲೇ ತಯಾರಾದವರು ಗೆಲ್ಲುತ್ತಾರೆ.

ನಮ್ಮದೂ ಎರಡು ಜಾತಿ ಸೇರಿದ ಮನೆ. ಆಮೇಲೆ ಗೆಳೆಯರ ಮದುವೆಗಳಿಗೆ ಸಾಕ್ಷಿ ಸಹಿ ಹಾಕಿದ್ದೇನೆ, ಕೆಲವರ ಜೊತೆ ಕಚೇರಿ ಕಚೇರಿ ಅಲೆದಿದ್ದೇನೆ. ಆ ಅನುಭವಕ್ಕೆ ಕಾಯ್ದೆ ಏನು ಹೇಳುತ್ತದೆ ಅನ್ನೋದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ವಯಸ್ಸು, ಆಮೇಲೆ ಕಾಯ್ದೆ

ಹುಡುಗನಿಗೆ 21 ತುಂಬಿರಬೇಕು, ಹುಡುಗಿಗೆ 18. ಒಂದು ದಿನ ಕಡಿಮೆ ಇದ್ದರೂ ಬೇಡ. ಹುಡುಗಿಗೆ 18 ಆಗದೆ ಕರೆದುಕೊಂಡು ಹೋದರೆ ಅಪಹರಣದ ಕೇಸು, ಪೋಕ್ಸೋ ಎರಡೂ ಬೀಳುತ್ತವೆ, ಅಲ್ಲಿ ಯಾವ ಪ್ರೀತಿಯೂ ಲೆಕ್ಕಕ್ಕೆ ಬರಲ್ಲ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಗಟ್ಟಿ ದಾಖಲೆ. ಆಧಾರ್‌ನಲ್ಲಿ ಒಂದು ತಾರೀಖು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ.

ಇನ್ನು ಕಾಯ್ದೆ. ಇಬ್ಬರೂ ಹಿಂದೂಗಳಾಗಿದ್ದು ಜಾತಿ ಮಾತ್ರ ಬೇರೆ ಆಗಿದ್ದರೆ, ಒಕ್ಕಲಿಗರ ಹುಡುಗಿ ಕುರುಬರ ಹುಡುಗ, ಲಿಂಗಾಯತರ ಹುಡುಗ ಪರಿಶಿಷ್ಟ ಜಾತಿಯ ಹುಡುಗಿ, ಹೀಗೆ, 1955ರ ಹಿಂದೂ ವಿವಾಹ ಕಾಯ್ದೆಯೇ ಸಾಕು. ಬೌದ್ಧರು, ಜೈನರು, ಸಿಖ್ಖರೂ ಇದರೊಳಗೇ ಬರುತ್ತಾರೆ. ಜಾತಿ ಬೇರೆ ಅನ್ನೋದು ಈ ಕಾಯ್ದೆಗೆ ವಿಷಯವೇ ಅಲ್ಲ. ಶಾಸ್ತ್ರದ ಪ್ರಕಾರ ಮದುವೆ ಮಾಡಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕು. 2024ರಿಂದ ಕಾವೇರಿ ಪೋರ್ಟಲ್‌ನಲ್ಲಿ ಹಿಂದೂ ವಿವಾಹ ನೋಂದಣಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಇಲ್ಲಿ ತಿಂಗಳು ಕಾಯುವ ನೋಟಿಸ್ ಇಲ್ಲ.

ಒಂದು ಎಚ್ಚರಿಕೆ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಶಾಸ್ತ್ರ ಏನೂ ಮಾಡದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಮದುವೆಯೇ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಧಾರೆಯೋ, ತಾಳಿಯೋ, ಸಪ್ತಪದಿಯೋ, ನಿಮ್ಮ ಇಬ್ಬರಲ್ಲಿ ಒಬ್ಬರ ಕಡೆಯ ಪದ್ಧತಿ ಏನಿದೆಯೋ ಅದು ನಡೆಯಲೇಬೇಕು. ನಡೆದಿದ್ದಕ್ಕೆ ಫೋಟೋ ಇರಲಿ, ವಿಡಿಯೋ ಇರಲಿ, ಒಂದು ಆಹ್ವಾನ ಪತ್ರಿಕೆಯೂ ಇರಲಿ.

ಇದೇ ಕಾರಣಕ್ಕೆ ಮಂತ್ರ ಮಾಂಗಲ್ಯದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕುವೆಂಪು ಅವರು ರೂಪಿಸಿದ, 1966ರಲ್ಲಿ ಮಗ ತೇಜಸ್ವಿ ಅವರ ಮದುವೆಯನ್ನು ಅದರಂತೆ ನಡೆಸಿ ತೋರಿಸಿದ ಸರಳ ಪದ್ಧತಿ ಅದು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಜಾತಿ ಕೇಳೋರಿಲ್ಲ. ಮೈಸೂರಿನಲ್ಲಿ ಇವತ್ತಿಗೂ ಜನ ಹೀಗೆ ಮದುವೆಯಾಗುತ್ತಾರೆ. ನನಗೆ ಅದಕ್ಕಿಂತ ಚೆಂದದ ಮದುವೆ ಕಾಣಿಸಿಲ್ಲ. ಆದರೆ ಕಾನೂನಿನ ಕಣ್ಣಿಗೆ ಭದ್ರ ಆಗಬೇಕು ಅಂದರೆ ಅದರ ಜೊತೆಗೆ ವಿಶೇಷ ವಿವಾಹ ಕಾಯ್ದೆಯಲ್ಲೂ ಮದುವೆಯಾಗಿ. ಬೇರೆ ಧರ್ಮದವರೇ ಆಗಿರಬೇಕು ಅಂತಿಲ್ಲ, ಯಾರು ಬೇಕಾದರೂ ಆ ಕಾಯ್ದೆಯಲ್ಲಿ ಆಗಬಹುದು.

ಧರ್ಮ ಬೇರೆ ಆಗಿದ್ದರೆ 1954ರ ಆ ವಿಶೇಷ ವಿವಾಹ ಕಾಯ್ದೆಯೇ, ಎಲ್ಲರೂ ಸ್ಪೆಷಲ್ ಮ್ಯಾರೇಜ್ ಆಕ್ಟ್ ಅಂತಾರಲ್ಲ ಅದೇ, ನಿಮ್ಮ ದಾರಿ. ಒಬ್ಬರು ಕ್ರೈಸ್ತರಾಗಿದ್ದರೆ 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಚರ್ಚಿನಲ್ಲೂ ಮದುವೆ ಸಾಧ್ಯ, ಆದರೆ ಕ್ಯಾಥೋಲಿಕ್ ಚರ್ಚಿನಲ್ಲಿ ಇನ್ನೊಬ್ಬರಿಗೆ ದೀಕ್ಷಾಸ್ನಾನ ಆಗಿರದಿದ್ದರೆ ಬಿಷಪ್ ಕಡೆಯಿಂದ ವಿಶೇಷ ಅನುಮತಿ ಬೇಕು. ಫಾದರ್ ಹತ್ತಿರ ತಿಂಗಳುಗಳ ಮೊದಲೇ ಹೋಗಿ ಮಾತಾಡಿ. ಮುಸ್ಲಿಂ ಹುಡುಗ, ಹಿಂದೂ ಹುಡುಗಿ ಬರೀ ನಿಖಾ ಮಾಡಿಕೊಂಡರೆ ಅದು ಕ್ರಮಬದ್ಧವಲ್ಲದ ಮದುವೆ ಆಗುತ್ತದೆ, ಮಕ್ಕಳಿಗೆ ಹಕ್ಕಿದೆ, ಆದರೆ ಹೆಂಡತಿಗೆ ಗಂಡನ ಆಸ್ತಿಯಲ್ಲಿ ವಾರಸುದಾರಿಕೆ ಸಿಗಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಣ್ಣುಮಕ್ಕಳೇ, ಇದನ್ನು ಇನ್ನೊಂದು ಸಲ ಓದಿಕೊಳ್ಳಿ.

ಮತಾಂತರ ಬೇಕಾ?

ಬೇಡ. ಮದುವೆಗೋಸ್ಕರ ಯಾರೂ ಧರ್ಮ ಬಿಡಬೇಕಾಗಿಲ್ಲ. ಹಾಗೆ ಬಿಡಬಾರದು ಅಂತಲೇ ವಿಶೇಷ ವಿವಾಹ ಕಾಯ್ದೆ ಇರೋದು. "ಒಂದು ಸಲ ಹೆಸರಿಗೆ ಮಾತ್ರ ಬದಲಾಯಿಸಿಕೊಂಡು ಬಿಡು, ಆಮೇಲೆ ನೋಡ್ಕೊಳ್ಳೋಣ" ಅಂತ ಯಾರಾದರೂ ಅಂದರೆ, ಅವರು ನಿಮ್ಮವರೇ ಆಗಿದ್ದರೂ ಒಪ್ಪಬೇಡಿ. ಹೆಸರಿಗೆ ಮಾತ್ರ ಆದ ಮತಾಂತರದಿಂದ ಆಸ್ತಿ, ವಿಚ್ಛೇದನ, ಮೀಸಲಾತಿ ಎಲ್ಲವೂ ಬದಲಾಗುತ್ತವೆ. ಪರಿಶಿಷ್ಟ ಜಾತಿಯವರು ಕ್ರೈಸ್ತ ಅಥವಾ ಇಸ್ಲಾಂ ಧರ್ಮಕ್ಕೆ ಹೋದರೆ ಆ ಮೀಸಲಾತಿ ಉಳಿಯಲ್ಲ, 1950ರ ಆದೇಶದಂತೆ ಅದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ.

ಮನಸ್ಸಾರೆ ಆ ಧರ್ಮ ಬೇಕು ಅನ್ನಿಸಿದ್ದರೆ ಅದು ನಿಮ್ಮ ಹಕ್ಕು, ಅದನ್ನು ಮದುವೆಯಿಂದ ಬೇರೆಯಾಗಿ, ಬೇರೆ ಸಮಯದಲ್ಲಿ ಯೋಚನೆ ಮಾಡಿ. ಕರ್ನಾಟಕದಲ್ಲಿ ಮತಾಂತರದ ಮೇಲೆ 2022ರಲ್ಲಿ ಬಿಗಿಯಾದ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡಲು ಸಚಿವ ಸಂಪುಟ ತೀರ್ಮಾನಿಸಿತು. ನೀವು ಹೆಜ್ಜೆ ಇಡುವ ದಿನಕ್ಕೆ ಯಾವುದು ಜಾರಿಯಲ್ಲಿದೆ ಅಂತ ವಕೀಲರನ್ನೇ ಕೇಳಿಕೊಳ್ಳಿ.

ಮನೆಯಲ್ಲಿ ಹೇಳೋದು

ಇದಕ್ಕೆ ಯಾವ ಕಾಯ್ದೆಯೂ ಇಲ್ಲ, ಕಷ್ಟ ಜಾಸ್ತಿ ಇರೋದೂ ಇಲ್ಲೇ.

ಮೊದಲು ನೀವಿಬ್ಬರೇ ಕೂತು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ: ಮನೆಯಲ್ಲಿ ಹೇಳಿದರೆ ಬೈಗುಳ, ಅಳು, ಮುನಿಸು ಬರುತ್ತದಾ, ಇಲ್ಲ ಹೊಡೆತ, ಕೂಡಿಹಾಕೋದು, ಅದಕ್ಕಿಂತ ಕೆಟ್ಟದ್ದು ಬರುತ್ತದಾ? ಎರಡಕ್ಕೂ ಬೇರೆ ಬೇರೆ ದಾರಿ. ನಮ್ಮ ಜಿಲ್ಲೆಗಳಲ್ಲಿ ಮರ್ಯಾದೆಗೇಡು ಹತ್ಯೆ ಆಗಿದೆ. ಮದ್ದೂರು ಕಡೆ 2010ರಲ್ಲಿ ಆಗಿದೆ, ಪಿರಿಯಾಪಟ್ಟಣ ಕಡೆ 2022ರಲ್ಲಿ ಆಗಿದೆ, ಎರಡೂ ಕಡೆ ಸತ್ತದ್ದು ಹೆಣ್ಣುಮಗಳು. "ನಮ್ಮಪ್ಪ ಹಂಗೆಲ್ಲ ಮಾಡಲ್ಲ" ಅನ್ನೋದು ನಿಜವೇ ಇರಬಹುದು. ಆದರೆ ಅಪ್ಪನ ತಲೆಗೆ ತುಂಬೋ ದೊಡ್ಡಪ್ಪ, ಭಾವ, ಊರಿನ ನಾಲ್ಕು ಜನ ಯಾರು ಅಂತ ಯೋಚನೆ ಮಾಡಿ. ಬೆದರಿಕೆ ನಿಜ ಅನ್ನಿಸಿದರೆ ಹೇಳೋಕೇ ಹೋಗಬೇಡಿ. ಕಾಗದ ಮುಗಿಸಿ, ಸುರಕ್ಷಿತ ಜಾಗ ಸೇರಿ, ಆಮೇಲೆ ಹೇಳಿ.

ಬೈಗುಳ, ಅಳು ಅಷ್ಟೇ ಅನ್ನಿಸಿದರೆ ದಯವಿಟ್ಟು ಹೇಳಿ. ಓಡಿಹೋಗಬೇಡಿ. ಎಲ್ಲರಿಗೂ ಒಟ್ಟಿಗೆ ಹೇಳೋದೂ ಬೇಡ. ಪ್ರತಿ ಮನೆಯಲ್ಲೂ ಒಬ್ಬರು ಇರ್ತಾರೆ, ಕೋಪ ಬಂದರೂ ಮಾತು ಪೂರ್ತಿ ಕೇಳೋರು. ಎಷ್ಟೋ ಸಲ ಅದು ಅಜ್ಜಿ, ಇಲ್ಲ ಚಿಕ್ಕಮ್ಮ. ಅವರಿಂದ ಶುರು ಮಾಡಿ. ಹೇಳುವಾಗ ಹಬ್ಬದ ದಿನ ಬೇಡ, ನೆಂಟರು ಬಂದಾಗ ಬೇಡ, ಫೋನಲ್ಲಿ ಬೇಡ. ಒಪ್ಪಿಗೆ ಕೇಳುತ್ತಿದ್ದೀರಾ, ವಿಷಯ ತಿಳಿಸುತ್ತಿದ್ದೀರಾ ಅನ್ನೋದು ನಿಮಗೇ ಸ್ಪಷ್ಟ ಇರಲಿ. "ನೀವು ಬೇಡ ಅಂದ್ರೆ ಬಿಟ್ಟುಬಿಡ್ತೀನಿ" ಅಂತ ಸುಮ್ನೆ ಬಾಯಿಮಾತಿಗೆ ಹೇಳಬೇಡಿ, ಆಮೇಲೆ ಅದೇ ಮಾತು ಹಿಡಿದುಕೊಂಡು ಕೂರುತ್ತಾರೆ.

ಅಪ್ಪ ಅಮ್ಮ ಕೇಳೋ ಮೊದಲ ಪ್ರಶ್ನೆ ಹುಡುಗ ಹೆಂಗೆ, ಹುಡುಗಿ ಹೆಂಗೆ ಅಂತ ಇರಲ್ಲ. "ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?", "ನಿನ್ನ ತಂಗಿಗೆ ಯಾರು ಬರ್ತಾರೆ?" ಇವೇ. ಈ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಹಾಕಬೇಡಿ. ಹಳ್ಳಿಯಲ್ಲಿ ಗದ್ದೆಗೆ ಆಳು, ಮದುವೆ ಮನೆಗೆ ಕರೆ, ಸತ್ತಾಗ ಹೆಗಲು ಎಲ್ಲ ಜಾತಿಯವರ ಕೈಲೇ ಇರೋವಾಗ ಅವರ ಭಯ ಸುಳ್ಳಲ್ಲ. ಆ ಭಯವನ್ನು ಒಪ್ಪಿಕೊಂಡೇ ನಿಮ್ಮ ಮಾತು ಹೇಳಿ. ಬೇರೆ ಜಾತಿಯಲ್ಲಿ ಮದುವೆಯಾಗಿ ಚೆನ್ನಾಗಿ ಬಾಳುತ್ತಿರುವ ಒಬ್ಬರು ನಿಮ್ಮ ಬಳಗದಲ್ಲೋ ಪಕ್ಕದ ಬೀದಿಯಲ್ಲೋ ಖಂಡಿತ ಇರ್ತಾರೆ, ಅವರನ್ನು ಒಂದು ದಿನ ಮನೆಗೆ ಕಾಫಿಗೆ ಕರೆಸಿ. ನೂರು ವಾದಕ್ಕಿಂತ ಅದು ಕೆಲಸ ಮಾಡುತ್ತದೆ.

ಎರಡೂ ಮನೆಯವರು ಒಪ್ಪಿದರೆ ಎಲ್ಲ ಸಲೀಸು ಅಂತಲೂ ಅಂದುಕೊಳ್ಳಬೇಡಿ. 2016ರ ಏಪ್ರಿಲ್‌ನಲ್ಲಿ ಮಂಡ್ಯದ ಒಂದು ಹಿಂದೂ ಮನೆ, ಒಂದು ಮುಸ್ಲಿಂ ಮನೆ ಸಂತೋಷದಿಂದಲೇ ಸಂಬಂಧ ಮಾಡಿಕೊಂಡಾಗ ಹೊರಗಿನವರು ಪ್ರತಿಭಟನೆ ಮಾಡಿದರು, ಮಂಡ್ಯ ಬಂದ್‌ಗೂ ಕರೆ ಕೊಟ್ಟರು. ಎರಡೂ ಮನೆಯವರು ಜಗ್ಗಲಿಲ್ಲ. ಮದುವೆ ಮೈಸೂರಿನಲ್ಲಿ, ಪೊಲೀಸ್ ಬಂದೋಬಸ್ತಿನಲ್ಲಿ ನಡೆಯಿತು. ಮನೆಯವರು ಗಟ್ಟಿಯಾಗಿ ನಿಂತರೆ ಬೀದಿಯವರ ಕೂಗು ಸ್ವಲ್ಪ ದಿನದ್ದು.

ಆ ಮೂವತ್ತು ದಿನ

ವಿಶೇಷ ವಿವಾಹ ಕಾಯ್ದೆಯ ಕಥೆಯೆಲ್ಲ ಇಲ್ಲಿದೆ, ನಿಧಾನವಾಗಿ ಓದಿ.

ನಿಮ್ಮಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೆ ಹಿಂದಿನ 30 ದಿನ ವಾಸ ಮಾಡಿರಬೇಕು. ಬಾಡಿಗೆ ಕರಾರು, ಪಿಜಿ ರಸೀದಿ, ಕೆಲಸದ ಕಡೆಯ ಪತ್ರ, ಏನಾದರೂ ಒಂದು ಸಾಕ್ಷಿ ಇಟ್ಟುಕೊಳ್ಳಿ. ವಿವಾಹಾಧಿಕಾರಿಗೆ, ಅಂದರೆ ಸಬ್ ರಿಜಿಸ್ಟ್ರಾರ್‌ಗೆ, ಬರೆದು ಕೊಡುವ ನೋಟಿಸನ್ನು ಅವರು ಪುಸ್ತಕದಲ್ಲಿ ದಾಖಲಿಸಿ, ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. ಆ ದಿನಗಳು ಕಳೆದ ಮೇಲೆ, ನೋಟಿಸ್ ಕೊಟ್ಟು ಮೂರು ತಿಂಗಳು ಮುಗಿಯೋದರೊಳಗೆ ಮದುವೆ ಆಗಿಬಿಡಬೇಕು. ಇಲ್ಲದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ. ಅಂದರೆ ಜೂನ್ 1ಕ್ಕೆ ನೋಟಿಸ್ ಕೊಟ್ಟವರಿಗೆ ಜುಲೈ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ಸಮಯ. ಕ್ಯಾಲೆಂಡರ್ ನೋಡಿ ಅಂದದ್ದು ಇದಕ್ಕೇ.

ಸಬ್ ರಿಜಿಸ್ಟ್ರಾರ್ ಆಫೀಸು ನೋಡಿದ್ದೀರಲ್ವಾ? ಸೈಟು ರಿಜಿಸ್ಟರ್ ಮಾಡಿಸೋರು, ಇಸಿ ತೆಗೆಸೋರು, ಅಣ್ಣತಮ್ಮಂದಿರ ಪಾಲುಪತ್ರ, ಬಗಲಲ್ಲಿ ಫೈಲು ಹಿಡಿದ ಬ್ರೋಕರ್‌ಗಳು, ಬಾಗಿಲಲ್ಲೇ ಪತ್ರ ಬರೆಯೋರು. ಅರ್ಧ ತಾಲ್ಲೂಕು ಅಲ್ಲೇ ನಿಂತಿರುತ್ತದೆ. ಆ ಜನರ ಮಧ್ಯೆ ಬೋರ್ಡಿನಲ್ಲಿ ನಿಮ್ಮ ಹೆಸರು, ವಿಳಾಸ. ಗದ್ದೆ ಕೆಲಸಕ್ಕೆ ಬಂದ ನಿಮ್ಮೂರಿನ ಒಬ್ಬರು ತಲೆ ಎತ್ತಿ ನೋಡಿದರೆ ಸಾಕು, ಸಂಜೆಗೆ ಮನೆಗೆ ಫೋನು. ಒಂದು ಕಚೇರಿಯಲ್ಲಿ ಗುಮಾಸ್ತರೇ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮನೆಗೆ ನೋಟಿಸ್ ಕಳಿಸಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ದೆಹಲಿ ಹೈಕೋರ್ಟ್ 2009ರಲ್ಲೇ ಹಾಗೆ ಮನೆಗೆ ಕಳಿಸೋದು ತಪ್ಪು ಅಂದಿದೆ. ಯಾರಾದರೂ "ಮನೆಗೆ ತಿಳಿಸಲೇಬೇಕು" ಅಂದರೆ, ಯಾವ ಕಲಂ ಅಂತ ಬರೆದುಕೊಡಿ ಅಂತ ಮರ್ಯಾದೆಯಿಂದಲೇ ಕೇಳಿ.

ಇನ್ನೊಂದು ವಿಷಯ. ಊರು ಮಳವಳ್ಳಿ, ಇರೋದು ಮೈಸೂರು, ಮೈಸೂರಲ್ಲಿ ಕೊಟ್ಟರೆ ಊರಿಗೆ ಗೊತ್ತಾಗಲ್ಲ ಅಂತ ಲೆಕ್ಕ ಹಾಕಬೇಡಿ. ನಿಮ್ಮ ಕಾಯಂ ವಿಳಾಸ ಬೇರೆ ಜಿಲ್ಲೆಯದಾಗಿದ್ದರೆ ಆ ಜಿಲ್ಲೆಯ ವಿವಾಹಾಧಿಕಾರಿಗೂ ಒಂದು ಪ್ರತಿ ಹೋಗುತ್ತದೆ, ಅಲ್ಲೂ ಅಂಟಿಸುತ್ತಾರೆ. ಆದ್ದರಿಂದ ನೋಟಿಸ್ ಕೊಟ್ಟ ದಿನದಿಂದಲೇ ವಿಷಯ ಬಯಲಾಗಿದೆ ಅಂತ ಎಣಿಸಿಕೊಂಡು ಎಲ್ಲ ತಯಾರಿ ಅದಕ್ಕೆ ಮೊದಲೇ ಮುಗಿಸಿ. ಅಂಕಪಟ್ಟಿ, ಆಧಾರ್, ಪಾನ್, ಜಾತಿ ಪ್ರಮಾಣಪತ್ರ, ಡಿಗ್ರಿ ಕಾಗದಗಳ ಮೂಲಪ್ರತಿ ನಿಮ್ಮ ಕೈಗೆ ಬಂದಿರಲಿ. ಬೀರುವಿನಲ್ಲಿ ಅಮ್ಮನ ಸೀರೆ ಕೆಳಗಿದ್ದರೆ ಪಾಸ್‌ಪೋರ್ಟ್ ಮಾಡಿಸಬೇಕು ಅಂತಲೋ, ಕೆಲಸಕ್ಕೆ ಕೇಳಿದ್ದಾರೆ ಅಂತಲೋ ತೆಗೆದುಕೊಳ್ಳಿ. ಒಂದು ಸೆಟ್ ಜೆರಾಕ್ಸ್ ನಂಬಿಕೆಯ ಗೆಳತಿಯ ಹತ್ತಿರ ಇರಲಿ. ಬ್ಯಾಂಕ್ ಖಾತೆ ಅಪ್ಪನ ಜೊತೆ ಜಂಟಿಯಾಗಿದ್ದರೆ ನಿಮ್ಮದೇ ಒಂದು ಖಾತೆ ತೆರೆಯಿರಿ, ಒಟಿಪಿ ಬರುವ ನಂಬರ್ ನಿಮ್ಮದೇ ಆಗಿರಲಿ. ಇಬ್ಬರಿಗೂ ಮೂರು ತಿಂಗಳ ಖರ್ಚಿಗೆ ಸಾಕಾಗುವಷ್ಟು ದುಡ್ಡು ಇಟ್ಟುಕೊಳ್ಳಿ. ಮೂವರು ಸಾಕ್ಷಿಗಳು ಬೇಕು, ಐದು ಜನರನ್ನು ಕೇಳಿಟ್ಟುಕೊಳ್ಳಿ. ಕೊನೇ ಗಳಿಗೆಯಲ್ಲಿ ಫೋನ್ ಸ್ವಿಚ್ ಆಫ್ ಮಾಡೋರು ಇದ್ದೇ ಇರ್ತಾರೆ.

ಆಕ್ಷೇಪಣೆ ಬಂದರೆ ಹೆದರಬೇಡಿ. "ಜಾತಿ ಬೇರೆ", "ನಮಗೆ ಇಷ್ಟ ಇಲ್ಲ", "ನಮ್ಮ ಮಗಳ ತಲೆ ಕೆಡಿಸಿದ್ದಾನೆ" ಇವು ಯಾವುವೂ ಕಾಯ್ದೆ ಒಪ್ಪುವ ಕಾರಣ ಅಲ್ಲ. ಮೊದಲ ಮದುವೆ ಇನ್ನೂ ಊರ್ಜಿತದಲ್ಲಿದೆ, ವಯಸ್ಸು ಆಗಿಲ್ಲ, ಒಪ್ಪಿಗೆ ಕೊಡುವ ಮನಸ್ಥಿತಿಯಲ್ಲಿಲ್ಲ, ನಿಷೇಧಿತ ಹತ್ತಿರದ ರಕ್ತಸಂಬಂಧ, ಇಂಥವು ಮಾತ್ರ. ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನ ಹೇಳಬೇಕು. ಆಕ್ಷೇಪಣೆ ಎತ್ತಿಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನದೊಳಗೆ ಮೇಲ್ಮನವಿ ಹೋಗಬಹುದು.

ವಿದೇಶಿ ಸಂಗಾತಿಯಾಗಿದ್ದರೆ, ಗೋಕುಲಂ ಕಡೆ ಯೋಗ ಕಲಿಯೋಕೆ ಬಂದು ಇಲ್ಲಿನವರನ್ನೇ ಮೆಚ್ಚಿದವರು ಇದ್ದಾರಲ್ಲ, ದಾರಿ ಇದೇ. ಜೊತೆಗೆ ಪಾಸ್‌ಪೋರ್ಟ್, ವೀಸಾ, ಅವರ ರಾಯಭಾರ ಕಚೇರಿಯಿಂದ ಅವಿವಾಹಿತ ಅನ್ನುವ ಪತ್ರ ಕೇಳುತ್ತಾರೆ. ಆ ಪತ್ರಕ್ಕೆ ವಾರಗಟ್ಟಲೆ ಹಿಡಿಯಬಹುದು, ವೀಸಾ ಮುಗಿಯೋ ದಿನ ನೋಡಿಕೊಂಡು ಶುರು ಮಾಡಿ. ಮದುವೆ ನೋಂದಣಿಯಾಗಿ ಎರಡು ವರ್ಷ ಆದ ಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು.

ಪೊಲೀಸ್ ಸ್ಟೇಷನ್‌ಗೆ ಅವರು ಹೋಗೋ ಮೊದಲು

ಮನೆಯವರು ಮಾಡೋ ಮೊದಲ ಕೆಲಸ ಮಿಸ್ಸಿಂಗ್ ಕಂಪ್ಲೇಂಟ್. ಆದ್ದರಿಂದ ನೀವು ಮೊದಲೇ ಬರೆದು ಕೊಡಿ. ಇಬ್ಬರೂ ವಯಸ್ಕರು, ಸ್ವಂತ ಇಚ್ಛೆಯಿಂದ ಮದುವೆಯಾಗುತ್ತಿದ್ದೇವೆ, ಯಾರೂ ಬಲವಂತ ಮಾಡಿಲ್ಲ, ಇಂಥವರಿಂದ ಭಯ ಇದೆ, ರಕ್ಷಣೆ ಬೇಕು ಅಂತ ಒಂದು ಪುಟದ ಪತ್ರ. ವಯಸ್ಸಿನ ದಾಖಲೆ ಜೊತೆಗಿಡಿ. ಮೈಸೂರು ನಗರದಲ್ಲಿದ್ದರೆ ಪೊಲೀಸ್ ಕಮಿಷನರ್‌ಗೆ, ಹೊರಗಿನ ತಾಲ್ಲೂಕುಗಳಲ್ಲಿದ್ದರೆ ಮೈಸೂರು ಜಿಲ್ಲಾ ಎಸ್ಪಿಗೆ, ಮಂಡ್ಯದವರು ಅಲ್ಲಿನ ಎಸ್ಪಿಗೆ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಹೋಗೋಕೆ ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಇಮೇಲ್ ಕೂಡ ಮಾಡಿ. ನಿಮ್ಮ ಊರಿನ ಠಾಣೆಗೆ ಮಾತ್ರ ಕೊಟ್ಟು ಸುಮ್ಮನಾಗಬೇಡಿ. ಅಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರ್ತಾರೆ.

ಠಾಣೆಗೆ ಕರೆದರೆ ವಕೀಲರ ಜೊತೆ ಹೋಗಿ ಹೇಳಿಕೆ ಕೊಡಿ. "ಒಂದು ವಾರ ಮನೆಗೆ ಹೋಗಿ ಬಾಮ್ಮ, ಅಪ್ಪ ಅಮ್ಮ ಸಮಾಧಾನ ಆಗ್ತಾರೆ" ಅಂತ ಹಿರಿಯರಂತೆ ಬುದ್ಧಿ ಹೇಳುವ ಪೊಲೀಸರು ಸಿಗ್ತಾರೆ. ಒಪ್ಪಬೇಕಾಗಿಲ್ಲ. ನನಗೆ ಇಷ್ಟ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ, ಅದನ್ನೇ ಹೇಳಿಕೆಯಲ್ಲಿ ಬರೆಸಿ. ಅಂತರ್ಜಾತಿ ಮದುವೆಯಾದವರಿಗೆ ಪೊಲೀಸರು ರಕ್ಷಣೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. 2018ರಲ್ಲಿ ಇಂಥ ಜೋಡಿಗಳಿಗೆ ಜಿಲ್ಲೆಗಳಲ್ಲಿ ಸುರಕ್ಷಿತ ವಸತಿ, ವಿಶೇಷ ಘಟಕ ಇರಬೇಕು ಅಂದಿತು. 2021ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಮತ್ತೆ ಹೇಳಿತು.

ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ. ಕೂಡಿಹಾಕಿದರೆ, ಹೊಡೆದರೆ 112. ಮಹಿಳೆಯರಿಗೆ 181 ಇದೆ. ಈ ಮೂರು ನಂಬರ್ ಬಾಯಿಪಾಠ ಇರಲಿ, ಮೊದಲು ಕಿತ್ತುಕೊಳ್ಳೋದು ಫೋನನ್ನೇ. ಒಬ್ಬ ಗೆಳತಿಗೆ ಮೊದಲೇ ಹೇಳಿಡಿ: ನಾನು ಎರಡು ದಿನ ಫೋನಿಗೆ ಸಿಗಲಿಲ್ಲ ಅಂದರೆ ನೀನು ಪೊಲೀಸಿಗೂ ನಮ್ಮ ವಕೀಲರಿಗೂ ತಿಳಿಸು ಅಂತ. ವಕೀಲರು ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರೆ ಕೂಡಿಹಾಕಿದವರು ನಿಮ್ಮನ್ನು ಕೋರ್ಟ್ ಮುಂದೆ ತಂದು ನಿಲ್ಲಿಸಬೇಕಾಗುತ್ತದೆ.

ಮದುವೆ ದಿನ, ಬೀಗರೂಟ

ಕಚೇರಿಯಲ್ಲಿ ಮುಗಿಯೋ ಕೆಲಸ ಸಣ್ಣದು. ನೀವಿಬ್ಬರೂ ಮೂವರು ಸಾಕ್ಷಿಗಳೂ ಘೋಷಣೆಗೆ ಸಹಿ ಹಾಕಿ, ಒಬ್ಬರನ್ನೊಬ್ಬರು ಗಂಡ ಹೆಂಡತಿಯಾಗಿ ಸ್ವೀಕರಿಸಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು. ಸರ್ಟಿಫಿಕೇಟ್‌ನಲ್ಲಿ ಹೆಸರಿನ ಅಕ್ಷರ ಅಲ್ಲೇ ನೋಡಿಕೊಳ್ಳಿ.

ಮನೆಯವರು ಸೇರಿದ್ದರೆ ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಿ. ಹೌದು, ಊಟ. ಮಂಡ್ಯ ಕಡೆ ಮದುವೆ ಅಂದರೆ ಬೀಗರೂಟ, ಬೀಗರೂಟ ಅಂದರೆ ಬಾಡು. ಒಂದು ಒಕ್ಕಲಿಗರ-ಮುಸ್ಲಿಮರ ಮದುವೆಯಲ್ಲಿ ಹುಡುಗನ ಅಪ್ಪ ಮಾಡಿದ್ದು ಇಷ್ಟು: ಕುರಿಗಳನ್ನು ತಾವೇ ಸಂತೆಯಲ್ಲಿ ನೋಡಿ ತಂದರು, ಹಲಾಲ್ ಮಾಡೋಕೆ ಬೀಗರ ಕಡೆಯವರನ್ನೇ ಕರೆದರು, ಆಮೇಲೆ ಮಸಾಲೆ ಅರೆದು ಸಾರು ಮಾಡಿದ್ದು ತಮ್ಮೂರಿನ ಅಡುಗೆ ಭಟ್ಟರು. ಒಂದು ಪಾತ್ರೆಯಲ್ಲಿ ಮುದ್ದೆಗೆ ಸಾರು, ಪಕ್ಕದ ಒಲೆಯಲ್ಲಿ ಬೀಗರ ಕಡೆಯ ಅಡುಗೆಯವರ ಬಿರಿಯಾನಿ. ಮಾಂಸ ಒಂದೇ. ಎರಡೂ ಕಡೆಯ ಅಜ್ಜಿಯರು ಒಂದೇ ಸಾಲಿನಲ್ಲಿ ಕೂತು ಉಂಡರು. ಅಲ್ಲಿಯವರೆಗೆ ಮುಖ ತಿರುಗಿಸಿಕೊಂಡಿದ್ದ ಹುಡುಗನ ದೊಡ್ಡಮ್ಮ ಬಿರಿಯಾನಿ ಇನ್ನೊಂದು ಸಲ ಹಾಕಿಸಿಕೊಂಡು, ಬೀಗಿತ್ತಿಯ ಹತ್ತಿರ ಎಷ್ಟು ಸೇರಿಗೆ ಎಷ್ಟು ಎಣ್ಣೆ ಅಂತ ಕೇಳುತ್ತಾ ಕೂತರು. ಒಂದು ಕಡೆ ಸಸ್ಯಾಹಾರಿಗಳಾಗಿದ್ದರೆ ಅಡುಗೆ ಜಾಗ, ಪಾತ್ರೆ, ಬಡಿಸೋರು ಮೂರೂ ಬೇರೆ ಇರಲಿ. ಇಲ್ಲ ಅಂದರೆ ಆ ದಿನ ಎಲ್ಲರಿಗೂ ಸಸ್ಯಾಹಾರವೇ ಮಾಡಿಸಿ, ಬಾಡೂಟ ಇನ್ನೊಂದು ದಿನ ಇಟ್ಟುಕೊಳ್ಳಿ.

ಖರ್ಚಿಗೆ ಕೈ ಸಾಲದವರು, ಇಬ್ಬರೂ ಹಿಂದೂಗಳಾಗಿದ್ದರೆ, ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹ ನೋಡಬಹುದು. ಅಲ್ಲಿ ಅಂತರ್ಜಾತಿ ಜೋಡಿಗಳೂ ಮದುವೆಯಾಗುತ್ತಾರೆ.

ಸರ್ಕಾರದ ಪ್ರೋತ್ಸಾಹಧನ

ಒಬ್ಬರು ಪರಿಶಿಷ್ಟ ಜಾತಿ, ಇನ್ನೊಬ್ಬರು ಬೇರೆ ಜಾತಿಯ ಹಿಂದೂ ಆಗಿದ್ದರೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆ. ಪರಿಶಿಷ್ಟ ಜಾತಿಯ ಹುಡುಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದರೆ 2.5 ಲಕ್ಷ, ಪರಿಶಿಷ್ಟ ಜಾತಿಯ ಹುಡುಗಿಯನ್ನು ಬೇರೆ ಜಾತಿಯ ಹುಡುಗ ಮದುವೆಯಾದರೆ 3 ಲಕ್ಷ. ಆದಾಯ ಮಿತಿ ಇದೆ. ನೋಂದಣಿ ಪತ್ರ, ಇಬ್ಬರ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಬೇಕು. ಮದುವೆಯಾದ ತಕ್ಷಣ ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಹೋಗಿ ಕೇಳಿ, ತಡ ಮಾಡಿ ಕಳೆದುಕೊಳ್ಳೋರೇ ಜಾಸ್ತಿ. ಮಧ್ಯವರ್ತಿಗೆ ಪೈಸೆ ಕೊಡಬೇಡಿ. ಇದನ್ನು ತಗೊಳ್ಳೋಕೆ ನಾಚಿಕೆಯೂ ಬೇಡ. ಜಾತಿ ಬಿಟ್ಟು ಬಂದವರು ಹೊಸ ಸಂಸಾರ ಹೂಡಲಿ ಅಂತ ಇಟ್ಟಿರುವ ಹಣ ಅದು.

ಆಮೇಲಿನ ವರ್ಷಗಳು

ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?" ಅನ್ನೋ ಪ್ರಶ್ನೆ ಮೈಸೂರಿನಲ್ಲೂ ಬರುತ್ತದೆ. ಸುಳ್ಳು ಹೇಳಬೇಡಿ. ಆಮೇಲೆ ಗೊತ್ತಾಗಿ ಖಾಲಿ ಮಾಡಿಸಿದರೆ ನೋವು ದುಪ್ಪಟ್ಟು. ಅಪಾರ್ಟ್‌ಮೆಂಟ್, ಕ್ಯಾಂಪಸ್ ಸುತ್ತಮುತ್ತಲಿನ ಬಡಾವಣೆ, ಹೊರಗಿನಿಂದ ಬಂದು ಕೆಲಸ ಮಾಡುವವರು ಇರುವ ಕಡೆ ಸಲೀಸು.

ಮೊದಲ ವರ್ಷ ಗೌರಿ ಹಬ್ಬ ಕಷ್ಟ. ಅಕ್ಕಪಕ್ಕದ ಮನೆಗಳಿಗೆ ತವರಿನಿಂದ ಬಾಗಿನ ಬರುವಾಗ, ಮಾತು ಬಿಟ್ಟ ತವರಿನಿಂದ ಏನೂ ಬರಲ್ಲ. ಗಂಡಂದಿರೇ, ಆ ದಿನ ಆಫೀಸಿಗೆ ರಜೆ ಹಾಕಿ ಮನೆಯಲ್ಲಿರಿ. ಗೆಳತಿಯ ಅಣ್ಣನೋ, ನಿಮ್ಮ ಅಕ್ಕನೋ ಒಂದು ಮೊರ ತಂದು ಕೊಟ್ಟರೆ ಅದು ಎಷ್ಟು ದೊಡ್ಡದು ಅಂತ ಕೊಟ್ಟವರಿಗೆ ಗೊತ್ತಾಗಲ್ಲ, ತಗೊಂಡವಳಿಗೆ ಗೊತ್ತಾಗುತ್ತದೆ. ಮಾತು ಬಿಟ್ಟವರಿಗೂ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಒಂದು ಮೆಸೇಜ್ ಹಾಕುತ್ತಾ ಇರಿ. ಉತ್ತರ ಬರದಿದ್ದರೂ ಹಾಕಿ. ಹೊಡೆದವರಿಗೆ, ಕೊಲ್ತೀವಿ ಅಂದವರಿಗೆ ಮಾತ್ರ ಈ ಮಾತು ಅಲ್ಲ, ಅವರಿಂದ ದೂರ ಇರಿ.

ಆಸ್ತಿ. ಮದುವೆಗೆ ಒಪ್ಪಬೇಕಾದರೆ ಈ ಕಾಗದಕ್ಕೆ ಸಹಿ ಹಾಕು ಅಂತ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ ಓದದೆ, ವಕೀಲರಿಗೆ ತೋರಿಸದೆ ಸಹಿ ಮಾಡಬೇಡಿ. ಬೇರೆ ಜಾತಿಯಲ್ಲಿ ಮದುವೆಯಾದ ಮಾತ್ರಕ್ಕೆ ಪಿತ್ರಾರ್ಜಿತದ ಪಾಲು ಹೋಗಲ್ಲ. ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ್ದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು, ಅದು ಬೇರೆ ಮಾತು. ಹಿಂದೂ ಅವಿಭಕ್ತ ಕುಟುಂಬದವರು ಬೇರೆ ಧರ್ಮದವರನ್ನು ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದರೆ ಆ ಕುಟುಂಬದಿಂದ ಬೇರೆಯಾದಂತೆ ಕಾನೂನು ನೋಡುತ್ತದೆ, ಆದರೆ ಅಂದಿನವರೆಗಿನ ಪಾಲು ಅವರದೇ. ಮುಂದೆ ನಿಮ್ಮ ಆಸ್ತಿ ಹಂಚಿಕೆಯಾಗೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಗಂಡ ಅಥವಾ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಉಳಿದ ಎರಡು. ಇಬ್ಬರೂ ಹಿಂದೂಗಳಾಗಿದ್ದು ಅದೇ ಕಾಯ್ದೆಯಲ್ಲಿ ಮದುವೆಯಾಗಿದ್ದರೆ ಇದು ಅನ್ವಯಿಸಲ್ಲ, ಹಿಂದೂ ಉತ್ತರಾಧಿಕಾರವೇ ಮುಂದುವರಿಯುತ್ತದೆ.

ಮಕ್ಕಳಾಗುವ ಮುಂಚೆಯೇ ಇಬ್ಬರೂ ಮಾತಾಡಿಕೊಳ್ಳಬೇಕಾದ್ದು ಇದೆ. ಹೆಸರು ಯಾವುದು, ನಾಮಕರಣವೋ ಅಕೀಕಾವೋ ದೀಕ್ಷಾಸ್ನಾನವೋ ಎಲ್ಲವೂವೋ ಯಾವುದೂ ಇಲ್ಲವೋ, ಶಾಲೆ ಅರ್ಜಿಯಲ್ಲಿ ಏನು ಬರೆಸೋದು. ಮದುವೆಯಿಂದ ಹೆಣ್ಣುಮಗಳ ಜಾತಿ ಬದಲಾಗಲ್ಲ, ಅವಳ ಪ್ರಮಾಣಪತ್ರ ಅವಳದೇ. ಅಂತರ್ಜಾತಿ ಮದುವೆಯ ಮಗುವಿಗೆ ಅಪ್ಪನ ಜಾತಿಯೇ ಅಂತ ಸಾಮಾನ್ಯವಾಗಿ ಎಣಿಸಿದರೂ, ಅಮ್ಮ ಪರಿಶಿಷ್ಟ ಜಾತಿಯವರಾಗಿದ್ದು ಮಗು ಆ ಸಮುದಾಯದಲ್ಲೇ ಬೆಳೆದು ಅದೇ ಅವಮಾನ, ಅದೇ ಕಷ್ಟ ಕಂಡಿದ್ದರೆ ಅಮ್ಮನ ಜಾತಿಯ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ತಹಸೀಲ್ದಾರ್ ಕಚೇರಿಯಲ್ಲಿ "ಅಪ್ಪನದೇ ಬರೆಯೋದು" ಅಂತ ವಾಪಸ್ ಕಳಿಸಿದರೆ ಆ ತೀರ್ಪಿನ ಪ್ರತಿ ಇಟ್ಟು ಲಿಖಿತ ಅರ್ಜಿ ಕೊಡಿ, ಲಿಖಿತ ಉತ್ತರ ಕೇಳಿ.

ಕೊನೆಯದಾಗಿ ಉಯಿಲು. ಮೂವತ್ತು ವರ್ಷದವರಿಗೆ ಉಯಿಲು ಯಾಕೆ ಅನ್ನಬೇಡಿ. ಮಣ್ಣು ಮಾಡೋದಾ, ಸುಡೋದಾ, ಯಾರ ಪದ್ಧತಿಯಂತೆ ಅಂತ ಎರಡು ಮನೆಯವರು ಹೆಣದ ಮುಂದೆ ಜಗಳ ಆಡಬಾರದು ಅಂದರೆ, ಮನೆ, ಸೈಟು, ಪಿಎಫ್ ಯಾರಿಗೆ ಅಂತ ಬದುಕಿರುವವರು ಕೋರ್ಟಿಗೆ ಅಲೆಯಬಾರದು ಅಂದರೆ, ಮದುವೆಯಾದ ಮೊದಲ ವರ್ಷವೇ ಒಂದು ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಪಿಎಫ್, ಇನ್ಶೂರೆನ್ಸ್, ಬ್ಯಾಂಕ್ ಖಾತೆಯ ನಾಮಿನಿ ಹೆಸರು ಇನ್ನೂ ಅಪ್ಪನದೇ ಇದ್ದರೆ ಅದನ್ನೂ ಅದೇ ವಾರ ಬದಲಾಯಿಸಿ.